ಬಾಗಿಲು ತೆರೆಯುವವರೆಗೆ

ಆಫೀಸಿನಲ್ಲಿ ಅವನಿಗೆ ಕೊತ್ತಂಬರಿ ಎಂದು ಹೆಸರು ಬಿದ್ದಿತ್ತು. ಬೆನ್ನ ಹಿಂದೆ ಅಲ್ಲ, ಮುಖದ ಮುಂದೆಯೇ ಹಾಗೆ ಕರೆಯುತ್ತಿದ್ದರು. ಕಿರಿಯರು ಮಾತ್ರ ಮರ್ಯಾದೆಗೆಂದು ಕೊನೆಗೊಂದು ‘ಸಾರ್’ ಸೇರಿಸುತ್ತಿದ್ದರು. ಯಾವ ಕೆಲಸ ಕೈಗೆ ಕೊಟ್ಟರೂ ಅದನ್ನು ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚುತ್ತಾ ಹೋಗುವ ಆಸಾಮಿ ಎಂದು ಈ ಬಿರುದು. ಹೊಟ್ಟೆಪಾಡೂ ಅದೇ ಆಗಿತ್ತು, ಅವನ ಹಣೆಬರಹ ನೋಡಿ. ಸಿಸ್ಟಮ್ ಅನಲಿಸ್ಟ್. ಯಾವುದಾದರೂ ಕಂಪನಿ ತನ್ನ ವ್ಯವಹಾರವನ್ನು ಕಂಪ್ಯೂಟರಿಗೆ ಏರಿಸಬೇಕು ಎಂದಾಗ ಇವನು ಅಲ್ಲಿ ಹೋಗಿ ಕೂತು, ಯಾರು ಏನು ಮಾಡುತ್ತಾರೆಂದು ನೋಡಿ, ಆ ಕೆಲಸಗಳನ್ನು ಬಿಡಿಸಿ ಚೌಕಗಳಲ್ಲಿ ಬರೆದು, ಚೌಕದಿಂದ ಚೌಕಕ್ಕೆ ಬಾಣ ಎಳೆಯಬೇಕು. ಆ ನಕ್ಷೆಯನ್ನು ನೋಡಿಕೊಂಡು ಮಿಕ್ಕವರು ಪ್ರೋಗ್ರಾಮು ಬರೆಯುತ್ತಾರೆ.

ಈ ಕೆಲಸದಲ್ಲಿ ಬಿಡಿಸುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ‘ಸಾಮಾನು ಕಳಿಸುವುದು’ ಎಂದು ಒಂದು ಚೌಕ ಬರೆದಿರಿ ಅನ್ನಿ. ಅದರೊಳಗೆ ಪ್ಯಾಕ್ ಮಾಡುವುದು, ಬಿಲ್ ಹಾಕುವುದು, ಲಾರಿಗೆ ಏರಿಸುವುದು ಇದೆ. ಪ್ಯಾಕ್ ಮಾಡುವುದರೊಳಗೆ ಡಬ್ಬ ಹುಡುಕುವುದು, ಟೇಪು ಸುತ್ತುವುದು ಇದೆ. ಟೇಪು ಸುತ್ತುವುದರೊಳಗೆ, ತುದಿ ಸಿಗದೆ ಉಗುರಿನಲ್ಲಿ ಕೆರೆಯುತ್ತಾ ಟೇಪಿನ ಕಂಪನಿಯವನಿಗೆ ಶಾಪ ಹಾಕುವುದೂ ಇದೆ. ಎಲ್ಲಿಗೆ ಸಾಕು? ಬೇಗ ನಿಲ್ಲಿಸಿದರೆ ಏನೋ ಒಂದು ಚೌಕದೊಳಗೇ ಅಡಗಿ ಕೂತು ಮುಂದೊಂದು ದಿನ ಕುತ್ತಿಗೆಗೆ ಬರುತ್ತದೆ. ನಿಲ್ಲಿಸದೇ ಹೋದರೆ ನಕ್ಷೆ ನೋಡಿದವನಿಗೆ ತಲೆಬುಡ ತಿಳಿಯುವುದಿಲ್ಲ. ಕೊತ್ತಂಬರಿಗೆ ಮೊದಲನೆಯದರ ಭಯ ಎಷ್ಟಿತ್ತೆಂದರೆ ಎರಡನೆಯದು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ.

ಮನೆಯಲ್ಲೂ ಅದೇ ಪಾಡು. ಬೀಗ ಹಾಕುವುದು ಲೋಕಕ್ಕೆಲ್ಲ ಒಂದು ಕೆಲಸವಾದರೆ ಅವನಿಗೆ ಒಂದು ಸಂಸಾರ. ಬಾಗಿಲು ಎಳೆಯಬೇಕು, ಚಿಲಕ ಕೂತಿತೇ ನೋಡಬೇಕು, ಕೀಲಿ ತಿರುಗಿಸಬೇಕು, ಬೀಗವನ್ನು ಜಗ್ಗಬೇಕು, ಮೆಟ್ಟಿಲಿಳಿದ ಮೇಲೆ ಜಗ್ಗಿದ್ದು ನೆನಪಿದೆಯೇ ಎಂದು ಕೇಳಿಕೊಳ್ಳಬೇಕು, ನೆನಪಿಲ್ಲದೆ ಮತ್ತೆ ಹತ್ತಿ ಬರಬೇಕು.

“ಒಂದು ಪ್ಯಾಕೆಟ್ ಹಾಲು ತನ್ನಿ ಅಂದ್ರೆ ಕೋರ್ಟಲ್ಲಿ ಸಾಕ್ಷಿ ವಿಚಾರಿಸ್ದ ಹಾಗೆ ವಿಚಾರಿಸ್ತೀರಲ್ಲ ರೀ,” ಎಂದು ಹೆಂಡತಿ ನಗುತ್ತಿದ್ದಳು. “ನಿಮ್ಮನ್ನ ಕಟ್ಕೊಂಡು ನಾನೂ ಎಷ್ಟು ಚೂರಾಗಿದೀನೋ ಏನೋ.”

ಅವಳು ನಗುತ್ತಿದ್ದಳು, ಆದರೆ ಅವನಿಗೆ ನಗು ಬರುತ್ತಿರಲಿಲ್ಲ. ಎಲ್ಲಿ ಏನು ಕೆಡುತ್ತದೋ ಎಂಬ ಭಯ ಸದಾ ಇರುತ್ತಿತ್ತು. ಅವರ ಮನೆ ನಾಲ್ಕನೇ ಮಹಡಿಯಲ್ಲಿತ್ತು, ಕಟ್ಟಡಕ್ಕೆ ಒಳ್ಳೆಯ ಲಿಫ್ಟ್ ಇತ್ತು, ಇವನು ಮಾತ್ರ ಮೆಟ್ಟಿಲು ಹತ್ತಿಯೇ ಬರುತ್ತಿದ್ದ. ನಡುವೆ ನಿಂತುಬಿಟ್ಟರೆ? ಅಂಥವನನ್ನೇ ಅವನ ಆಫೀಸು ಹುಡುಕಿ ಹುಡುಕಿ ಲಿಫ್ಟ್ ಕಂಪನಿಯೊಂದರ ಕೆಲಸಕ್ಕೆ ಕಳಿಸಿತು.

ಊರಿನ ಹಳೆಯ ಹೊಸ ಕಟ್ಟಡಗಳಲ್ಲಿ ಲಿಫ್ಟ್ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಆ ಕಂಪನಿಯ ಕಸುಬು. ಮಾಲೀಕರು ಮೇಲಿನ ಕೋಣೆಯಲ್ಲಿ ಕೂರುತ್ತಿದ್ದರು. ಕೆಳಗೆ, ಬಾಗಿಲಿಗೆ ಹತ್ತಿಕೊಂಡಂತೆ, ದೂರಿನ ಕೋಣೆ. ಒಂದು ಮೇಜು, ಅದರ ಮೇಲೆ ಎರಡು ಫೋನು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಕೀಲಿಗೊಂಚಲುಗಳು, ಗ್ರೀಸಿನ ವಾಸನೆ, ಬೆನ್ನಿಗೆ ದಿಂಬು ಕಟ್ಟಿದ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಫೋನಕ್ಕ.

ಫೋನಕ್ಕನಿಗೆ ಸ್ವಂತದ ಹೆಸರು ಇದ್ದೇ ಇತ್ತು, ಸಂಬಳ ಕೊಡುವ ದಿನ ಬಿಟ್ಟರೆ ಯಾರಿಗೂ ಅದರ ನೆನಪಾಗುತ್ತಿರಲಿಲ್ಲ. ಮೆಕ್ಯಾನಿಕ್‌ಗಳಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಆಕೆ ಅಕ್ಕ. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ಲಿಫ್ಟ್ ನಡುವೆ ನಿಂತಾಗ ಒಳಗಿನ ಗೋಡೆಯ ಫೋನೆತ್ತಿ ಕೆಂಪು ಗುಂಡಿ ಒತ್ತಿದರೆ, ಬ್ಯಾಟರಿ ಮೇಲೆ ನಡೆಯುವ ಆ ಫೋನಿನ ಕರೆ ನೇರ ಆಕೆಯ ಮೇಜಿಗೆ ಬರುತ್ತಿತ್ತು. ಆಕೆ ಕಟ್ಟಡ ಯಾವುದೆಂದು ಕೇಳಿ, ಹತ್ತಿರದ ಮೆಕ್ಯಾನಿಕ್‌ಗೆ ತನ್ನ ಮೊಬೈಲಿನಲ್ಲಿ ಹೇಳಿ, ಆಮೇಲೆ ಮೇಜಿನ ಫೋನನ್ನು ಕೆಳಗಿಡುತ್ತಲೇ ಇರಲಿಲ್ಲ.

“ಗಾಬರಿ ಆಗ್ಬೇಡಮ್ಮ, ನಮ್ಮ ಹುಡುಗ ಹೊರಟ. ಕೈಲಿ ಏನಿದೆ? ಬದನೆಕಾಯಾ? ಎಳೇದು ನೋಡಿ ತಗೊಂಡ್ಯಾ, ಇಲ್ಲಾ ಕೊಟ್ಟಿದ್ದು ತಗೊಂಡ್ಯಾ? ಅಯ್ಯೋ, ಆರಿಸೋಕೆ ಬಿಡದ ಅಂಗಡಿಗೆ ಯಾಕೆ ಹೋಗ್ತೀಯ ನೀನು!”

ಬಾಗಿಲು ತೆರೆದ ಸದ್ದು, ‘ಬಂದ್ರು ಬಂದ್ರು’ ಎಂಬ ಕೂಗು ಕಿವಿಗೆ ಬಿದ್ದ ಮೇಲೆಯೇ ಆಕೆ ಫೋನು ಇಡುವುದು. ಎಷ್ಟೋ ಸಲ ಅಷ್ಟರಲ್ಲಿ ಒಳಗಿದ್ದವರ ಮಗಳ ಸೀಮಂತದವರೆಗಿನ ಕತೆಯೆಲ್ಲ ಆಕೆಗೆ ಗೊತ್ತಾಗಿರುತ್ತಿತ್ತು. ಹೀಗೇಕೆ ಎಂದು ಕೊತ್ತಂಬರಿ ಕೇಳಿದಾಗ ಆಕೆ ಕನ್ನಡಕ ಒರೆಸಿಕೊಂಡಳು.

“ಸುಮ್ನೆ ಬಿಟ್ರೆ ಬಾಗಿಲು ಮೀಟೋಕೆ ಹೋಗ್ತಾರೆ ಸಾರ್. ಲಿಫ್ಟ್ ಎರಡು ಮಹಡಿ ಮಧ್ಯ ನಿಂತಿರುತ್ತೆ. ಬಾಗಿಲು ಸಂದಿ ಮಾಡ್ಕೊಂಡು ಹೊರಗೆ ಹಾರಿದ್ರೆ ಕಾಲು ಜಾರೋದು ಲಿಫ್ಟ್ ಕೆಳಗಿನ ಆಳದ ಗುಂಡಿಗೇ. ಒಬ್ಬ ಹಾರಿದ್ದ, ನಾನು ರಜೆಲಿದ್ದ ದಿನ. ಬದುಕಿದಾನೆ, ಪುಣ್ಯ. ಕೋಲು ಹಿಡ್ಕೊಂಡು ಓಡಾಡ್ತಾನೆ.”

ಆಮೇಲೆ, ಅವನು ಹರಡಿಕೊಂಡಿದ್ದ ಕಾಗದದ ಮೇಲೆ ಬಗ್ಗಿ, “ನನ್ನ ಕುರ್ಚಿ ನಿಮ್ಮ ಚಿತ್ರದಲ್ಲಿ ಎಲ್ಲಿದೆ ಸಾರ್?” ಎಂದು ಕೇಳಿದಳು.

“ಇದೆ, ಇದೆ ಅಕ್ಕ. ಇಲ್ಲದೆ ಇರುತ್ತಾ?” ಎಂದುಬಿಟ್ಟ ಕೊತ್ತಂಬರಿ.

ಅಂದವನು ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ಯಾಕೆಂದರೆ ಮಾಲೀಕರ ಉದ್ದೇಶ ಅವನಿಗೆ ಗೊತ್ತಿತ್ತು. ಇನ್ನು ಮುಂದೆ ದೂರಿನ ಕರೆಯನ್ನು ಯಂತ್ರವೇ ಎತ್ತಬೇಕು. ‘ನಿಮ್ಮ ದೂರು ದಾಖಲಾಗಿದೆ’ ಎಂದು ಹೇಳಬೇಕು, ಮೆಕ್ಯಾನಿಕ್‌ನ ಮೊಬೈಲಿಗೆ ಸಂದೇಶ ಹೋಗಬೇಕು, ಫೋನು ಇಟ್ಟುಬಿಡಬೇಕು. ಮಾಲೀಕರು ಕೆಟ್ಟವರೇನಲ್ಲ. ಅವರ ತಕರಾರಿನಲ್ಲೂ ನ್ಯಾಯವಿತ್ತು: ಫೋನಕ್ಕ ಒಬ್ಬರ ಜೊತೆ ಬದನೆಕಾಯಿ ಮಾತಾಡುತ್ತಿದ್ದರೆ, ಇನ್ನೊಂದು ಕಟ್ಟಡದಲ್ಲಿ ಸಿಕ್ಕಿಕೊಂಡವನ ಕರೆ ಯಾರು ಎತ್ತಬೇಕು?

ನಕ್ಷೆಯಲ್ಲಿ ಫೋನಕ್ಕನ ಕೆಲಸವೆಲ್ಲ ಒಂದೇ ಚೌಕದಲ್ಲಿತ್ತು: ‘ದೂರು ತೆಗೆದುಕೊಳ್ಳುವುದು’. ಹಾಗೇ ಬಿಟ್ಟರೆ ಆ ಚೌಕವನ್ನು ಯಂತ್ರ ಚಿಟಿಕೆ ಹೊಡೆಯುವುದರೊಳಗೆ ಮುಗಿಸುತ್ತದೆ. ಅದರ ಪಕ್ಕದಲ್ಲಿಟ್ಟರೆ ಫೋನಕ್ಕ ಬರೀ ಸೋಮಾರಿಯಂತೆ ಕಾಣುತ್ತಾಳೆ. ಕೊತ್ತಂಬರಿಗೆ ಗೊತ್ತಿದ್ದ ಮದ್ದು ಒಂದೇ. ಅವನು ಆ ಚೌಕವನ್ನು ಬಿಡಿಸಿದ. ಕಟ್ಟಡದ ವಿವರ ಬರೆದುಕೊಳ್ಳುವುದು ಒಂದು, ಮೆಕ್ಯಾನಿಕ್‌ಗೆ ತಿಳಿಸುವುದು ಇನ್ನೊಂದು, ಒಳಗಿರುವವರ ಜೊತೆ ಮಾತಾಡುತ್ತಿರುವುದು ಮತ್ತೊಂದು. ಈಗ ಫೋನಕ್ಕನ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದು ಕೊಂಚ ಸಮಾಧಾನಪಟ್ಟುಕೊಂಡು ನಕ್ಷೆಯನ್ನು ಮೇಲಕ್ಕೆ ಒಯ್ದ.

ಕಣ್ಣಿಗೇನೋ ಬಿತ್ತು. ಮಾಲೀಕರು ಕೆಂಪು ಪೆನ್ನು ತೆಗೆದರು.

“ನೋಡಿ ಇವ್ರೇ, ಈ ಮೂರನೇ ಚೌಕ. ಇದರಿಂದ ಏನು ಹೊರಗೆ ಬರುತ್ತೆ?”

“ಅಂದ್ರೆ... ಒಳಗಿದ್ದೋರಿಗೆ ಧೈರ್ಯ...”

“ಧೈರ್ಯ ಯಾವ ಚೌಕಕ್ಕೆ ಹೋಗುತ್ತೆ? ಬಾಣ ಎಲ್ಲಿ? ಮೊದಲ ದಿನ ನೀವೇ ಪಾಠ ಹೇಳಿದ್ರಲ್ಲ, ಬಾಣ ಹೊರಡದ ಚೌಕ ದಂಡದ ಚೌಕ ಅಂತ.”

ಹೇಳಿದ್ದ. ಜಂಬದಿಂದಲೇ ಹೇಳಿದ್ದ. ಕೆಂಪು ಗೀಟು ಚೌಕದ ಮೂಲೆಯಿಂದ ಮೂಲೆಗೆ ಎಳೆದುಕೊಂಡಿತು. ಸಂಜೆಯೊಳಗೆ ಸರಿಪಡಿಸಿದ ನಕ್ಷೆ ಬೇಕು, ನಾಳೆಯಿಂದ ಪ್ರೋಗ್ರಾಮಿನವರು ಕೂರುತ್ತಾರೆ ಎಂದರು ಮಾಲೀಕರು. ಮೆಟ್ಟಿಲಿಳಿಯುವಾಗ ಕೊತ್ತಂಬರಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಚೌಕದೊಳಗೆ ಅಡಗಿದ್ದಾಗ ಆ ಕೆಲಸಕ್ಕೆ ಬರೀ ಕೆಟ್ಟ ಹೆಸರು ಬರುತ್ತಿತ್ತು, ಅಷ್ಟೆ. ಅದನ್ನು ಹೊರಗೆಳೆದು, ಒರೆಸಿ, ಮೇಜಿನ ಮೇಲಿಟ್ಟು, ಇಗೋ ಇಲ್ಲಿ ಕತ್ತರಿಸಿ ಎಂದು ತೋರಿಸಿಕೊಟ್ಟವನು ಇವನೇ. ಕೆಳಗೆ ಫೋನಕ್ಕ ಇವನಿಗೂ ಸೇರಿಸಿ ಚಹಾ ತರಿಸಿಟ್ಟಿದ್ದಳು. ಅವನು ಕುಡಿದ, ರುಚಿ ತಿಳಿಯಲಿಲ್ಲ. ಆಕೆ ಮುಖ ನೋಡಿ, ಬಿಸ್ಕತ್ತಿನ ಪೊಟ್ಟಣವನ್ನೂ ಅವನ ಕಡೆ ತಳ್ಳಿದಳು. ಬದಲಿಗೆ ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮಧ್ಯಾಹ್ನವೆಲ್ಲ ಅವನು ಮೂಲೆಯ ಬೆಂಚಿನ ಮೇಲೆ ಕೂತು ಆ ಮೂರನೇ ಚೌಕವನ್ನು ಇನ್ನೂ ಬಿಡಿಸಿದ. ಎಲ್ಲೋ ಒಂದು ಕಡೆ ಬಾಣ ಹೊರಡುವ ಚೂರು ಸಿಕ್ಕೀತು ಎಂಬ ಆಸೆ. ಹೆಸರು ಕೇಳುವುದು. ಕೈಯಲ್ಲಿ ಏನಿದೆ ಎಂದು ಕೇಳುವುದು. ತರಕಾರಿಯ ಬಗ್ಗೆ ಅಭಿಪ್ರಾಯ ಹೇಳುವುದು. ಅಂಗಡಿಯವನನ್ನು ಬಯ್ಯುವುದು. ಒಂದೊಂದನ್ನೇ ಬಿಡಿಸಿ ನೋಡಿದರೆ ಒಂದಕ್ಕೂ ಅರ್ಥವಿರಲಿಲ್ಲ. ಹೆಚ್ಚಿದಷ್ಟೂ ಅದು ಬರೀ ಕಾಡುಹರಟೆಯಾಗಿ ಕಾಣುತ್ತಿತ್ತು. ಇದನ್ನು ಮೇಲೆ ಒಯ್ದರೆ ಮಾಲೀಕರು ಕೆಂಪು ಪೆನ್ನನ್ನೂ ತೆಗೆಯುವುದಿಲ್ಲ, ನಕ್ಕುಬಿಡುತ್ತಾರೆ.

ಆಗ ಫ್ಯಾನು ನಿಂತಿತು. ಬೀದಿಯಾಚೆಯ ಅಂಗಡಿಗಳ ದೀಪಗಳೂ ಆರಿದವು. ಆ ಕಡೆಯ ಬಡಾವಣೆಗಳಿಗೆಲ್ಲ ಕರೆಂಟು ಹೋಗಿತ್ತು.

ಮೊದಲ ಫೋನು ಬಡಿದುಕೊಂಡಿತು. ಫೋನಕ್ಕ ಎತ್ತಿಕೊಂಡಳು. ಒಳಗೊಬ್ಬ ಹೆಂಗಸು, ಜೊತೆಯಲ್ಲಿ ಅಳುವ ಮಗು. ಫೋನಕ್ಕ ಮೊಬೈಲಿನಲ್ಲಿ ಮೆಕ್ಯಾನಿಕ್‌ಗೆ ಹೇಳಿ ಮುಗಿಸುವಷ್ಟರಲ್ಲಿ ಎರಡನೆಯ ಫೋನು. ಅದನ್ನೂ ಎತ್ತಿ, ಕಟ್ಟಡ ಕೇಳಿ, ಇನ್ನೊಬ್ಬ ಮೆಕ್ಯಾನಿಕ್‌ನನ್ನು ಓಡಿಸಿ, ರಿಸೀವರನ್ನು ಕೊತ್ತಂಬರಿಯ ಕಡೆ ಚಾಚಿದಳು.

ಅವನು ಎರಡೂ ಕೈ ಅಲ್ಲಾಡಿಸಿದ. “ನಂಗೆ ಬರಲ್ಲ ಅಕ್ಕ! ನಾನು ಏನು ಮಾತಾಡ್ಲಿ?”

“ಏನಾದ್ರೂ ಮಾತಾಡಿ. ಇಡ್ಬೇಡಿ, ಅಷ್ಟೆ,” ಎಂದವಳೇ ಫೋನಕ್ಕ ಮಗುವಿನ ಕಡೆ ತಿರುಗಿದಳು. “ಏ ಪುಟ್ಟಾ, ನಿಮ್ಮನೇಲಿ ಬೆಕ್ಕಿದ್ಯಾ?”

ಕೊತ್ತಂಬರಿಯ ಕಿವಿಗೆ ಮೊದಲು ಬಂದದ್ದು ಉಸಿರು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು.

“ಹಲೋ... ನೀವು... ಏನ್ ಮಾಡ್ತಿದೀರಿ?”

“ಬಾಗಿಲು ಮೀಟ್ತಿದೀನಿ ಸ್ವಾಮಿ. ನನ್ನ ಹತ್ರ ದೊಡ್ಡ ಕತ್ತರಿ ಇದೆ, ಸಂದಿಗೆ ತೂರಿಸಿದೀನಿ. ಇಲ್ಲಿ ಉಸಿರು ಕಟ್ತಿದೆ ನಂಗೆ.”

ಕೋಲು ಹಿಡಿದು ಓಡಾಡುವವನು ಕೊತ್ತಂಬರಿಯ ಕಣ್ಣ ಮುಂದೆ ಬಂದ. ಬೇಡ ಎಂದು ಕೂಗಿದರೆ ಆ ಮನುಷ್ಯ ಕೇಳುವುದಿಲ್ಲ, ತಾನಾಗಿದ್ದರೂ ಕೇಳುತ್ತಿರಲಿಲ್ಲ. ಫೋನಕ್ಕನಾಗಿದ್ದರೆ ಏನಾದರೂ ತಮಾಷೆ ಮಾಡುತ್ತಿದ್ದಳು. ಇವನ ಜನ್ಮದಲ್ಲಿ ಒಂದು ತಮಾಷೆ ಬಾಯಿಂದ ಹೊರಟದ್ದಿಲ್ಲ. ಇವನಿಗೆ ಬರುತ್ತಿದ್ದದ್ದು ಒಂದೇ ಒಂದು.

“ಕತ್ತರಿ ಯಾಕಿದೆ ನಿಮ್ಮ ಹತ್ರ?”

“ಟೈಲರ್ ಸ್ವಾಮಿ ನಾನು! ಕತ್ತರಿ ಸಾಣೆ ಹಿಡಿಸ್ಕೊಂಡು ಬರೋ ದಾರೀಲಿ ಶರ್ಟು ಕೊಡೋಕೆ ಬಂದಿದ್ದೆ.”

“ಶರ್ಟು ಹೊಲಿಯೋದು ಅಂದ್ರೆ... ಮೊದಲು ಏನ್ ಮಾಡ್ತೀರಿ?”

ಆ ಕಡೆ ಕಬ್ಬಿಣದ ಸದ್ದು ಒಂದು ಗಳಿಗೆ ನಿಂತಿತು. “ಏನಂದ್ರಿ?”

“ಮೊದಲು. ಮೊಟ್ಟಮೊದಲು.”

“ಅಳತೆ ತಗೋತೀವಿ, ಕತ್ತರಿಸ್ತೀವಿ, ಹೊಲಿತೀವಿ. ಇನ್ನೇನ್ರಿ? ನೀವು ಲಿಫ್ಟಿನೋರಾ, ಪೊಲೀಸ್ನೋರಾ?”

“ಅಳತೆ ತಗೊಳ್ಳೋದರಲ್ಲಿ ಮೊದಲು ಏನು? ಕುತ್ತಿಗೆಯಾ, ಭುಜನಾ?”

“ಉದ್ದ.” ದನಿಯಲ್ಲಿ ಸಿಟ್ಟಿತ್ತು. “ಉದ್ದ ಬಿಟ್ಟು ಯಾರಾದ್ರೂ ಕುತ್ತಿಗೆಯಿಂದ ಶುರು ಮಾಡ್ತಾರಾ?”

“ಉದ್ದ ಅಂದ್ರೆ ಎಲ್ಲಿಂದ ಎಲ್ಲಿಗೆ?”

ಕೊತ್ತಂಬರಿ ಹೆಚ್ಚತೊಡಗಿದ. ಅವನು ಎಷ್ಟು ಸಣ್ಣಗೆ ಹೆಚ್ಚಿದನೋ ಅಷ್ಟು ಕೆಲಸ ಆ ಕತ್ತಲೆಯೊಳಗಿನ ಮನುಷ್ಯನಿಗೆ ಸಿಕ್ಕಿತು. ಎದೆಯ ಅಳತೆ ಉಸಿರು ಎಳೆದಾಗ ತೆಗೆಯುವುದೋ ಬಿಟ್ಟಾಗಲೋ ಎಂದ. ಉಸಿರು ಬಿಟ್ಟು ಸುಮ್ಮನೆ ನಿಂತಾಗ ಎಂದ ಟೈಲರ್. ಹೇಗೆ ಸುಮ್ಮನೆ, ತೋರಿಸಿ ಎಂದ ಕೊತ್ತಂಬರಿ. ಟೈಲರ್ ಉಸಿರು ಬಿಟ್ಟು ತೋರಿಸಿದ. ಸೀಮೆಸುಣ್ಣದ ಚೂರಿನಲ್ಲಿ ಗೆರೆ ಎಳೆಯುವಾಗ ಬಟ್ಟೆ ಜರುಗದಂತೆ ಏನು ಇಡುತ್ತೀರಿ ಎಂದ ಕೊತ್ತಂಬರಿ. ಕತ್ತರಿಯನ್ನೇ ಇಡುತ್ತೇವೆ ಎಂದ ಟೈಲರ್.

“ಈಗೆಲ್ಲಿದೆ ಆ ಕತ್ತರಿ?”

ಕಬ್ಬಿಣ ನೆಲಕ್ಕೆ ತಾಗಿದ ಸದ್ದಾಯಿತು. “ಕೆಳಗಿಟ್ಟೆ,” ಎಂದ ಟೈಲರ್.

ಗುಂಡಿ ಹಚ್ಚುವುದು ಒಂದೇ ಕೆಲಸವೋ, ದಾರ ಪೋಣಿಸುವುದು ಬೇರೆಯೋ ಎಂದು ಇಬ್ಬರಿಗೂ ಜಗಳವೇ ಆಯಿತು. ದಾರ ಪೋಣಿಸುವುದನ್ನೂ ಲೆಕ್ಕಕ್ಕೆ ಹಿಡಿದರೆ ಕಣ್ಣು ಮಿಟುಕಿಸುವುದನ್ನೂ ಹಿಡಿಯಬೇಕಾಗುತ್ತದೆ ಎಂದು ಟೈಲರ್ ರೇಗಿದ. ಜೇಬು ಬಂತು, ತೋಳು ಬಂತು. ಕಾಲರಿನ ಹತ್ತಿರ ಬಂದಾಗ ಟೈಲರನ ದನಿ ಬದಲಾಯಿತು. ಕಾಲರ್ ಎಂದರೆ ಹುಡುಗಾಟವಲ್ಲ, ಇಡೀ ಶರ್ಟಿನ ಮಾನ ಅದರ ಮೇಲಿದೆ, ಮೊದಲು ತಿರುವುಮುರುವಾಗಿ ಹೊಲಿದು, ಮೂಲೆಯನ್ನು ಚೂರು ಕತ್ತರಿಸಿ, ಆಮೇಲೆ ಒಳಗಿನದನ್ನು ಹೊರಗೆ ತಿರುವಬೇಕು, ಆ ತಿರುವುವುದರಲ್ಲೇ ಇರುವುದು ಗುಟ್ಟು, ಏನಪ್ಪಾ ಅಂದ್ರೆ—

ಧಡಾರನೆ ಸದ್ದು. ಗಾಳಿಯ ಸದ್ದು. ಮೆಕ್ಯಾನಿಕ್‌ನ ದನಿ, “ಕೈ ಕೊಡಿ ಅಣ್ಣ, ನಿಧಾನ, ಕೆಳಗೆ ನೋಡ್ಬೇಡಿ.” ಆಮೇಲೆ ಫೋನು ನೇತಾಡುತ್ತಾ ಗೋಡೆಗೆ ಬಡಿಯುವ ಟಕಟಕ.

ಕೊತ್ತಂಬರಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ತಾನು ಕೂತದ್ದು ಫೋನಕ್ಕನ ದಿಂಬಿನ ಕುರ್ಚಿಯಲ್ಲಿ ಎಂಬುದು ಆಮೇಲೆ ಗೊತ್ತಾಯಿತು. ಆಕೆ ನಿಂತುಕೊಂಡೇ ಮಗುವಿನ ಜೊತೆ ಬೆಕ್ಕಿನ ಕತೆ ಮುಗಿಸುತ್ತಿದ್ದಳು. ಅವನಿಗೆ ಅಳು ಬಂದಂತಾಯಿತು, ನಗು ಬಂದಂತೆಯೂ ಆಯಿತು. ಅಳತೆ, ಗುಂಡಿ, ಜೇಬು. ಇದರಲ್ಲಿ ಯಾವ ಚೂರಿನಿಂದ ಆ ಮನುಷ್ಯ ಉಳಿದ? ಯಾವುದರಿಂದಲೂ ಅಲ್ಲ. ಆದರೆ ಅವನು ಉಳಿದದ್ದು ನಿಜ, ಕತ್ತರಿ ಕೆಳಗಿಟ್ಟದ್ದು ನಿಜ.

ಅವನು ಹೊಸ ಕಾಗದ ತೆಗೆದುಕೊಂಡ. ಕಟ್ಟಡದ ವಿವರ ಬರೆದುಕೊಳ್ಳುವುದನ್ನೂ ಮೆಕ್ಯಾನಿಕ್‌ಗೆ ತಿಳಿಸುವುದನ್ನೂ ಬೇರೆ ಬಿಡಿಸಿ ಯಂತ್ರಕ್ಕೆ ಕೊಟ್ಟುಬಿಟ್ಟ. ಹಾಗಾದರೆ ಯಾರ ಕರೆಯೂ ತಪ್ಪುವುದಿಲ್ಲ. ಆಮೇಲೆ, ಮೆಕ್ಯಾನಿಕ್ ಹೊರಗಿನಿಂದ ಮಾಡುವುದನ್ನೂ ಫೋನಕ್ಕ ಫೋನಿನಿಂದ ಮಾಡುವುದನ್ನೂ ಸೇರಿಸಿ ಒಂದೇ ಒಂದು ದೊಡ್ಡ ಚೌಕ ಎಳೆದ. ‘ಒಳಗಿರುವವರನ್ನು ಹೊರಗೆ ತರುವುದು’ ಎಂದು ಬರೆದ. ಎಲ್ಲಿಯವರೆಗೆ ಎಂಬಲ್ಲಿ ‘ಬಾಗಿಲು ತೆರೆಯುವವರೆಗೆ’ ಎಂದು ಬರೆದ. ಚೌಕದಿಂದ ‘ದೂರು ಮುಗಿಯಿತು’ ಎಂಬ ಚೌಕಕ್ಕೆ ದಪ್ಪಗೆ ಒಂದು ಬಾಣ ಹೊರಟಿತು.

ಮಾಲೀಕರು ಅದನ್ನು ತುಂಬಾ ಹೊತ್ತು ನೋಡಿದರು. ಕೊತ್ತಂಬರಿ ನಿಂತೇ ಇದ್ದ.

“ಇದರೊಳಗೆ ಏನಿದೆ ಇವ್ರೇ? ಬಿಡಿಸಿ ತೋರಿಸಿ.”

“ಇಲ್ಲ ಸಾರ್,” ಎಂದ ಕೊತ್ತಂಬರಿ. “ಇದು ಇಷ್ಟೇ. ಬಿಡಿಸಿದ್ರೆ ಇದು ಉಳಿಯಲ್ಲ.”

“ನೀವು? ಬಿಡಿಸಲ್ಲ ಅಂತೀರಾ?” ಮಾಲೀಕರು ಕನ್ನಡಕದ ಮೇಲಿನಿಂದ ನೋಡಿದರು. ಕೊತ್ತಂಬರಿ ಎಂಬ ಬಿರುದಿನ ಸುದ್ದಿ ಅವರ ಕಿವಿಗೂ ಬಿದ್ದಿರಬೇಕು.

“ಇವತ್ತು ಮಧ್ಯಾಹ್ನ ಒಬ್ಬರು ಕತ್ತರಿ ಹಿಡಿದು ಬಾಗಿಲು ಮೀಟ್ತಾ ಇದ್ರು ಸಾರ್. ನಾನೇ ಫೋನಲ್ಲಿದ್ದೆ. ಏನು ಮಾತಾಡಿದೆ ಅಂತ ಬರೆದು ಕೊಟ್ರೆ ನೀವು ನಗ್ತೀರಿ. ಆದ್ರೆ ಅವರು ಎರಡೂ ಕಾಲ ಮೇಲೆ ಮನೆಗೆ ಹೋದ್ರು. ಇದನ್ನ ಹೊಡೆದು ಹಾಕೋದಾದ್ರೆ ಅರ್ಧ ಹೊಡೆಯೋಕಾಗಲ್ಲ, ಮೆಕ್ಯಾನಿಕ್‌ನನ್ನೂ ಸೇರಿಸಿ ಹೊಡೀಬೇಕು.”

ಕೆಂಪು ಪೆನ್ನು ಕಾಗದದ ಮೇಲೆ ನಿಂತಿತು. ಕೊತ್ತಂಬರಿ ಆ ತುದಿಯನ್ನೇ ನೋಡಿದ. ಪೆನ್ನು ಚೌಕವನ್ನು ಬಿಟ್ಟು ಕೆಳಗಿನ ಮೂಲೆಗೆ ಹೋಗಿ ಒಂದು ಪುಟ್ಟ ಸಹಿ ಹಾಕಿತು.

“ಆರು ತಿಂಗಳು ನೋಡೋಣ,” ಎಂದರು ಮಾಲೀಕರು. “ಆಮೇಲೆ ಮತ್ತೆ ಕೂರೋಣ.”

ಮೆಟ್ಟಿಲಿಳಿಯುವಾಗ ಅವನಿಗೆ ಹೋದ ಜೀವ ಬಂದಂತಾಗಬೇಕಿತ್ತು. ಅರ್ಧ ಬಂತು. ಆರು ತಿಂಗಳು ಎಂದರೆ ಎಷ್ಟು ವಾರ, ಅದರಲ್ಲಿ ಫೋನಕ್ಕ ರಜೆ ಹಾಕುವ ದಿನ ಎಷ್ಟು, ಆ ದಿನ ಯಾರಾದರೂ ಹಾರಿದರೆ ಎಂದು ಮನಸ್ಸು ಆಗಲೇ ಹೆಚ್ಚಲು ಕೂತಿತ್ತು. ಕೆಳಗೆ ಕರೆಂಟು ಬಂದಿತ್ತು. ಅವನು ನಕ್ಷೆಯನ್ನು ಮೇಜಿನ ಮೇಲೆ ಹರಡಿ ದೊಡ್ಡ ಚೌಕದ ಮೇಲೆ ಬೆರಳಿಟ್ಟ.

“ನಿಮ್ಮ ಕುರ್ಚಿ ಇಲ್ಲಿದೆ ಅಕ್ಕ.”

ಫೋನಕ್ಕ ಬಗ್ಗಿ ನೋಡಿದಳು. “ಹೆಸರು ಬಿಟ್ರೆ ಒಳಗೆ ಏನೂ ಬರ್ದೇ ಇಲ್ವಲ್ಲ ಸಾರ್?”

“ಬರೆದ್ರೆ ಹೊಡೆದು ಹಾಕ್ತಾರೆ.”

ಆಕೆ ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ಕಣ್ಣೊರೆಸಿಕೊಂಡಳು, ಕನ್ನಡಕ ತೆಗೆಯದೆಯೇ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆಕೆ ಎತ್ತಿ ಕೇಳಿದಳು, ಹುಬ್ಬೇರಿಸಿದಳು, ರಿಸೀವರನ್ನು ಅವನ ಕಡೆ ಚಾಚಿದಳು.

“ಯಾರು? ಮತ್ತೆ ಸಿಕ್ಕಾಕೊಂಡ್ರಾ?”

“ಇಲ್ಲ, ಲಿಫ್ಟಲ್ಲಿ ಬರೆದಿದ್ದ ನಂಬರು ನೋಡ್ಕೊಂಡು ಅಂಗಡಿಯಿಂದ ಮಾಡಿದಾರೆ. ಆ ಟೈಲರ್. ಕಾಲರಿನ ವಿಷಯ ಅರ್ಧಕ್ಕೇ ನಿಂತಿತ್ತಂತೆ, ಹೇಳಿ ಮುಗಿಸದೆ ಮಿಷನ್ ಮೇಲೆ ಕೂರೋಕೇ ಆಗ್ತಿಲ್ವಂತೆ.”

ಕೊತ್ತಂಬರಿ ದಿಂಬಿನ ಕುರ್ಚಿಯ ತುದಿಯಲ್ಲಿ ಕೂತ.

“ಹೇಳಿ ಅಣ್ಣ,” ಎಂದ. “ಒಳಗಿನದನ್ನ ಹೊರಗೆ ತಿರುವಿದ ಮೇಲೆ?”